ಕೊಕ್ಕಿಗೆ ಹೆದರಿದ ಕೈ

"ಕೈ ಹಿಂದೆ ತಗೋಬೇಡಿ!"

ಬಾಗಿಲಲ್ಲಿ ಯಾರೋ ಕೂಗಿದರು. ಅಷ್ಟರಲ್ಲಿ ಅವಳು ಕೈ ಎಳೆದುಕೊಂಡಾಗಿತ್ತು. ಬೆರಳಿಂದ ರಕ್ತ ಜಿನುಗಿತು.

ಅವಳ ಹೊಲಿಗೆ ಯಂತ್ರದ ಮೇಲೆ ನೀಲಿ ಬೆನ್ನು, ಹಳದಿ ಎದೆ, ಮೊಳದುದ್ದ ಬಾಲದ ದೊಡ್ಡ ಗಿಳಿಯೊಂದು ಕೂತಿತ್ತು. ಸಂಜೆ ಕೊಡಬೇಕಿದ್ದ ಕೋಟಿನ ಮರದ ಗುಂಡಿಗಳೆಲ್ಲ ಅದರ ಕಾಲಡಿ ಪುಡಿಪುಡಿ!

"ನಿಮ್ಮದಾ ಈ ರಾಕ್ಷಸ?"

"ಮಕಾವ್ ಗಿಳಿ ಮೇಡಂ, ಹೆಸರು ದೊರೆ. ನಾನು ಮಹಡಿ ಮೇಲೆ ಹೊಸದಾಗಿ ಬಂದಿರೋ ಬೀಗ ರಿಪೇರಿಯವನು. ಪಂಜರದ ಚಿಲಕ ತೆಗೆದು ಇಳಿದುಬಂದುಬಿಟ್ಟಿದ್ದಾನೆ…"

"ಊರವರಿಗೆಲ್ಲ ಬೀಗ ಹಾಕಿಕೊಡ್ತೀರಿ, ನಿಮ್ಮ ಪಂಜರಕ್ಕೆ ಹಾಕೋಕೆ ಬರಲ್ವಾ?"

ಅವನು ನಗಲಿಲ್ಲ. ಕರವಸ್ತ್ರ ತೆಗೆದು ಅವಳ ಬೆರಳಿಗೆ ಸುತ್ತಿದ.

"ಅವನು ಕಚ್ಚೋಕೆ ಬಂದಿರಲಿಲ್ಲ. ಹತ್ತೋಕೆ ಮುಂಚೆ ಕೊಕ್ಕಲ್ಲಿ ಹಿಡಿದು ನೋಡ್ತಾನೆ, ಭಾರ ತಡೆಯುತ್ತಾ ಅಂತ. ನೀವು ಎಳೆದುಕೊಂಡ್ರಿ, ಹೆದರಿ ಬಿಗಿಯಾಗಿ ಹಿಡಿದ."

'ಎಳೆದುಕೊಳ್ಳದೆ ಇನ್ನೇನು ಮಾಡಲಿ…' ನಿಶ್ಚಿತಾರ್ಥ ಆಗಿ ಮುರಿದುಬಿದ್ದಮೇಲೆ ಅವಳು ಕಲಿತದ್ದು ಅದೊಂದೇ. ಯಾರಾದರೂ ಹತ್ತಿರ ಬಂದರೆ ಕೈ ಎಳೆದುಕೊಳ್ಳುವುದು.

ಆದರೂ ಆಮೇಲೆ ಹೊಲಿಗೆಯಲ್ಲಿ ಮಿಕ್ಕ ಮರದ ಗುಂಡಿಗಳನ್ನೆಲ್ಲ ಕೂಡಿಟ್ಟು ಅವಳೇ ಮಹಡಿ ಹತ್ತತೊಡಗಿದಳು.

"ದೊರೆಗೆ ಕಪ್ಪ ತಂದಿದ್ದೀನಿ!"

ಗುಂಡಿಗಳನ್ನು ಬಟ್ಟಲಿಗೆ ಹಾಕುತ್ತಿದ್ದಳೇ ಹೊರತು ಕೈ ಚಾಚುತ್ತಿರಲಿಲ್ಲ. ಮಕಾವ್ ಸಾಕುವುದೆಂದರೆ ಏನೆಂದು ಅಲ್ಲೇ ಕಂಡಳು. ಕಿವಿ ಹರಿದುಹೋಗುವಂಥ ಕಿರುಚಾಟ, ಕಡಿದುಹಾಕಿದ ಕುರ್ಚಿ ಕಾಲುಗಳು, ಒಂದು ಹೊತ್ತು ಮಾತಾಡಿಸದಿದ್ದರೆ ಮಗುವಿನಂಥ ಮುನಿಸು. ಖುಷಿಯಾದಾಗ ಮಾತ್ರ ಅದರ ಬಿಳಿ ಕೆನ್ನೆ ನಾಚಿದಂತೆ ಕೆಂಪಾಗುತ್ತಿತ್ತು.

ಒಂದು ಮಧ್ಯಾಹ್ನ ಅವನು ಬೀಗ ಬಿಚ್ಚುತ್ತಾ, ತಲೆ ಎತ್ತದೆ ಕೇಳಿದ.

"ಇವನು ಇನ್ನೂ ನಲವತ್ತು ವರ್ಷ ಬದುಕಬಹುದು. ನನ್ನ ಜೊತೆ ಬಾಳೋರು ಇವನನ್ನೂ ಕಟ್ಟಿಕೊಳ್ಳಬೇಕು. ಅಂಥವರು… ಸಿಗ್ತಾರಾ?"

ಕೇಳಿದ್ದು ತನ್ನನ್ನೇ ಎಂದು ಅವಳಿಗೆ ತಿಳಿಯಿತು. ಬಾಯಿಗೆ ಬಂದದ್ದೇ ಬೇರೆ!

"ಈ ಗಲಾಟೆಗೆ ಯಾರು ಬರ್ತಾರೆ, ಹುಚ್ಚರಾ?"

ನಕ್ಕು ಇಳಿದುಬಂದವಳು ಮೆಟ್ಟಿಲ ತಿರುವಿನಲ್ಲಿ ನಿಂತು ತನ್ನನ್ನೇ ಬೈದುಕೊಂಡಳು.

ಮುಂದಿನ ವಾರ ಅವಳು ಹೋದಾಗ ಪಂಜರ ಖಾಲಿ.

"ಹಕ್ಕಿ ಸಾಕೋರೊಬ್ಬರಿಗೆ ಕೊಟ್ಟುಬಿಟ್ಟೆ," ಅವನು ಗೋಡೆ ನೋಡುತ್ತಾ ಹೇಳಿದ. "ಇನ್ನು ಗಲಾಟೆ ಇಲ್ಲ."

'ವರ್ಷಗಟ್ಟಲೆ ಹೆಗಲ ಮೇಲೆ ಹೊತ್ತ ಜೀವವನ್ನೇ ಬಿಟ್ಟವನು… ನಾಳೆ ನನ್ನನ್ನು?'

"ನೀವೂ ಅಷ್ಟೇನಾ!" ಅಂದವಳೇ ತಿರುಗಿ ನೋಡದೆ ಇಳಿದಳು. ಯಾಕೆ ಹಾಗಂದಳೆಂದು ಅವನಿಗೆ ತಿಳಿಯಲೇ ಇಲ್ಲ.

ಆಮೇಲೆ ಅವನು ಅಂಗಡಿಯ ಮುಂದೆ ಹಾದರೂ ಅವಳು ತಲೆ ಎತ್ತಲಿಲ್ಲ. ಕೊನೆಗೆ ಬಟ್ಟೆ ಹೊಲಿಸುವ ನೆಪದಲ್ಲಿ ಅವನ ಅಕ್ಕ ಬಂದಳು.

"ಅಳತೆ ಆಮೇಲೆ ತಗೊಳ್ಳಮ್ಮಾ. ದೊರೆ ಅಲ್ಲಿ ಊಟ ಬಿಟ್ಟಿದ್ದಾನಂತೆ. ಎದೆ ಗರಿಗಳನ್ನ ತಾನೇ ಕಿತ್ತುಕೊಳ್ತಿದ್ದಾನಂತೆ. ನನ್ನ ತಮ್ಮನದೂ ಅದೇ ಕತೆ, ಕೀಳೋಕೆ ಗರಿ ಇಲ್ಲ ಅಷ್ಟೇ."

"ಕೊಟ್ಟಿದ್ದು ಅವರೇ ತಾನೇ ಅಕ್ಕಾ?"

"ಯಾಕೆ ಕೊಟ್ಟ? ಹಕ್ಕಿ ಇರೋ ಮನೆಗೆ ನೀನು ಬರಲ್ಲ ಅಂದೆಯಂತೆ!"

ಕತ್ತರಿ ಕೈಯಿಂದ ಜಾರಿತು. 'ಅಯ್ಯೋ… ನಾನು ತಮಾಷೆಗೆ ಅಂದದ್ದು!'

ಅಕ್ಕ ಹೇಳಿದ, ಹಕ್ಕಿ ಸಾಕುವವರ ವಿಳಾಸಕ್ಕೆ ಅವಳು ಓಡಿದಳು. ಅವನು ಮೊದಲೇ ಅಲ್ಲಿದ್ದ. ಹಕ್ಕಿಗಳಿಗೆಂದು ತಂತಿಬಲೆ ಕಟ್ಟಿದ ದೊಡ್ಡ ಕೋಣೆಯೊಳಗೆ ಮೊಣಕಾಲೂರಿ ಕೂತಿದ್ದ. ದೊರೆ ಅವನಿಗೆ ಬೆನ್ನು ಹಾಕಿತ್ತು. ಹಳದಿ ಎದೆ ಬೋಳಾಗಿ ಚರ್ಮ ಕಾಣುತ್ತಿತ್ತು.

"ಬೆಳಿಗ್ಗೆಯಿಂದ ಕರೀತಿದ್ದೀನಿ… ತಿರುಗಿಯೂ ನೋಡ್ತಿಲ್ಲ," ಅವನು ಹೇಳಿದ. "ಮೋಸ ಮಾಡಿದೆ ಇವನಿಗೆ."

ಅವಳು ಒಳಗೆ ಬಂದು ಮೊದಲ ಸಲ ಕೈ ಚಾಚಿದಳು.

"ದೊರೆ… ಇವತ್ತು ಕಪ್ಪ ತಂದಿಲ್ಲ ಕಣೋ. ಬರೀ ಕೈ."

ದೊರೆ ಮೆಲ್ಲಗೆ ತಿರುಗಿತು. ಕೊಂಬೆಯ ಮೇಲೆ ಸರಿದು ಬಂದು ಅದೇ ಬೆರಳನ್ನು ಕೊಕ್ಕಲ್ಲಿ ಹಿಡಿಯಿತು.

'ಎಳೆಯಬಾರದು… ಎಳೆಯಬಾರದು…' ಅವಳು ಕಣ್ಣು ಮುಚ್ಚಿ ನಿಂತಳು.

ಕೊಕ್ಕು ಸಡಿಲವಾಯಿತು. ಒಂದು ಕಾಲು. ಆಮೇಲೆ ಇನ್ನೊಂದು. ಅಷ್ಟೂ ಭಾರ ಅವಳ ಮಣಿಕಟ್ಟಿನ ಮೇಲೆ!

"ಇವನನ್ನ ಮನೆಗೆ ಕರ್ಕೊಂಡು ಹೋಗೋಣ," ಅವಳ ಕೆನ್ನೆ ಒದ್ದೆಯಾಗಿತ್ತು.

"ನೀವು ಗಲಾಟೆ ಅಂದ್ರಿ…"

"ಗಲಾಟೆ ಅಂದೆ, ಬೇಡ ಅಂದೆನಾ? ಹೆದರಿದ್ದೆ. ನೀವು ಇವನನ್ನ ಕೊಟ್ಟಮೇಲೆ ಇನ್ನೂ ಹೆದರಿದೆ. ನನಗೋಸ್ಕರ ಇನ್ನೊಬ್ಬರನ್ನ ಬಿಡೋ ಮನುಷ್ಯ ನನಗೆ ಬೇಡ ರೀ. ಯಾರನ್ನೂ ಬಿಡದವರು ಬೇಕು."

ಅವನು ಎದ್ದು ಬಂದ. ದೊರೆ ಇನ್ನೂ ಅವನತ್ತ ನೋಡಲಿಲ್ಲ. ಆ ಸಿಟ್ಟು ಇಳಿಯಲು ದಿನ ಬೇಕು, ಗರಿ ಬರಲು ಇನ್ನೂ ಹೆಚ್ಚು ದಿನ. ಇಬ್ಬರಿಗೂ ಅದು ಗೊತ್ತಿತ್ತು.

ಅವನು ಅವಳ ಇನ್ನೊಂದು ಕೈಯನ್ನು ಬೆರಳ ತುದಿಯಿಂದ ಮುಟ್ಟಿ, ಅನುಮಾನಿಸಿ ಹಿಂಜರಿದ.

"ಕೈ ಹಿಂದೆ ತಗೋಬೇಡಿ," ಅವಳು ಹೇಳಿದಳು.

ಅವನು ಗಟ್ಟಿಯಾಗಿ ಹಿಡಿದು ಕೇಳಿದ.

"ಭಾರ ಆಗಲ್ವಾ?"

"ಆಗುತ್ತೆ… ಇಬ್ಬರೂ ಇರಿ."