ಕಪ್ಪ ಕೊಡದ ನೆಲ

ಕಾಲಭೂಪಟ ಯಂತ್ರವು ಹೊನ್ನಕಳಸ ಸಾಮ್ರಾಜ್ಯದ ಮೊದಲ ನಕಾಶೆಯನ್ನು ಪುರಸಭೆಯ ಗೋಡೆಯ ಮೇಲೆ ಮೂಡಿಸಿದಾಗ ಅದು ಅಂಗೈಯಗಲದ ಕೆಂಪು ಕಲೆಯಷ್ಟೇ ಇತ್ತು. ಮುಂದಿನ ಸಾಲಿನಲ್ಲಿ ರೇಷ್ಮೆ ರುಮಾಲು ಸುತ್ತಿ ಕುಳಿತಿದ್ದ ಭೂಪೇಂದ್ರರಾಜರ ಮುಖ ಸಪ್ಪಗಾಯಿತು. ಅವರು ಆ ವಂಶದ ಕೊನೆಯ ಕುಡಿ. ಆಳಲು ರಾಜ್ಯವಿಲ್ಲದಿದ್ದರೂ ಮೀಸೆ ತಿರುವಲು ಅಡ್ಡಿಯಿರಲಿಲ್ಲ.

ಯಂತ್ರದ ತತ್ತ್ವ ಸರಳ. ಪ್ರತಿ ಹೊಲದ ಧಾನ್ಯದ ಸಿಪ್ಪೆಯಲ್ಲೂ ಆ ಮಣ್ಣಿನ ಗುರುತು, ಅಂದರೆ ‘ನೆಲಮುದ್ರೆ’, ಉಳಿದಿರುತ್ತದೆ. ರಾಜರ ಹಳೆಯ ಕಣಜಗಳ ತಳದಲ್ಲಿ ವರ್ಷವರ್ಷದ ಸಿಪ್ಪೆ ಪದರಪದರವಾಗಿ ಕೂತಿದೆ. ಯಾವ ನೆಲದ ಮುದ್ರೆ ಯಾವ ಪದರದಲ್ಲಿ ಸಿಕ್ಕಿತೋ, ಆ ನೆಲ ಆ ಕಾಲಕ್ಕೆ ಕಪ್ಪ ಕೊಡುತ್ತಿತ್ತು. ಕೊಟ್ಟ ನೆಲ ಕೆಂಪು, ಕೊಡದ್ದು ಬಿಳಿ. ಬಿರುದಾವಳಿ ಓದಲು ಯಂತ್ರಕ್ಕೆ ಬರುವುದಿಲ್ಲ.

ಇದಕ್ಕೆಲ್ಲ ಕಾರಣ ಭೂಪೇಂದ್ರರಾಜರೇ ಪಟ್ಟು ಹಿಡಿದು ಮಾಡಿಸಿದ್ದ ಹೊಸ ನಿಯಮ. ಸಾಮ್ರಾಜ್ಯಕ್ಕೆ ಎಂದಾದರೂ ಕಪ್ಪ ಕೊಟ್ಟ ನೆಲದಲ್ಲಿರುವವರು ಮಾತ್ರ ಮಣ್ಣಿನ ಮಕ್ಕಳು. ಉಳಿದವರು ಹೊರಗಿನವರು, ಜಾಗ ಖಾಲಿ ಮಾಡಬೇಕು. ಅವರ ಕಣ್ಣಿದ್ದದ್ದು ಅರಮನೆಯ ಹಿಂದಿನ ಹಿತ್ತಲ ಓಣಿಯ ಮೇಲೆ. ಅಲ್ಲಿ ಹಾಲವ್ವ ಖಾನಾವಳಿ ನಡೆಸುತ್ತಿದ್ದಳು. ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೆ ರಾಜರ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು. ಆ ಓಣಿಯ ನೆಲ ಒಂದು ಕಾಳನ್ನೂ ಕೊಟ್ಟದ್ದಿಲ್ಲ ಎಂದು ಅವರು ಊರೆಲ್ಲ ಸಾರಿದ್ದರು. ಓಣಿ ಹೋದರೆ ಹಾಲವ್ವನಿಗೆ ಒಲೆ ಹೂಡಲು ಬೇರೆ ಜಾಗವಿರಲಿಲ್ಲ.

ವಿಜ್ಞಾನಿ ಸುಗುಣಾ ಹಂಚಿನಾಳ ಯಂತ್ರದ ಗುಂಡಿ ತಿರುಗಿಸಿದರು. ಶತಮಾನಗಳು ಸರಿದವು. ಕೆಂಪು ಬಣ್ಣ ಎರಡು ಸಮುದ್ರಗಳವರೆಗೆ ಹಬ್ಬಿದಾಗ ರಾಜರು ಚಪ್ಪಾಳೆ ತಟ್ಟಿದರು. ಆಸ್ಥಾನದ ಹೊಗಳುಭಟರು ಮಹಾವಿಜಯವೆಂದು ಹಾಡಿದ್ದ ವರ್ಷವೇ ಅರ್ಧ ರಾಜ್ಯ ಮಾಯವಾದಾಗ ತಟ್ಟುವುದನ್ನು ನಿಲ್ಲಿಸಿದರು. ಹಿತ್ತಲ ಓಣಿ ಮಾತ್ರ ಎಲ್ಲ ಕಾಲಕ್ಕೂ ಕೆಂಪಾಗಿಯೇ ಇತ್ತು. ಮನೆಗಳೇಳುವ ಮೊದಲು ಅದು ಜೋಳದ ಹೊಲ; ಅರಸ ಗೆದ್ದಾಗಲೂ ಕೊಟ್ಟಿದೆ, ಸೋತಾಗಲೂ ಕೊಟ್ಟಿದೆ.

ಸಭೆಯ ಹಿಂದಿನ ಸಾಲಿನಲ್ಲಿದ್ದ ಹಾಲವ್ವನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವಳು ಕೇಳಿದಳು:

“ಅಕ್ಕಾರ, ನಟ್ಟನಡುವ ಆ ಬಿಳೀ ಚುಕ್ಕಿ ಏನ್ರಿ? ಮೊದಲಿಂದ ಹಂಗೇ ಐತಲ್ಲ.”

“ಅದು ಅರಮನಿ, ಹಾಲವ್ವ. ಅಲ್ಲಿಗೆ ಕಾಳು ಬಂದದ್ದಷ್ಟ. ಅಲ್ಲಿ ಬೆಳದದ್ದು ಒಂದ ಕಾಳೂ ಕಣಜಕ್ಕ ಹೋಗಿಲ್ಲ,” ಎಂದರು ಸುಗುಣಾ.

ಅರಮನೆ ಕಪ್ಪ ಕೊಡುವುದಲ್ಲ, ತೆಗೆದುಕೊಳ್ಳುವುದು ಎಂದು ರಾಜರು ವಾದಿಸಿದರು. ತೆಗೆದುಕೊಂಡವರ ಬಗ್ಗೆ ನಿಯಮದಲ್ಲಿ ಮಾತೇ ಇರಲಿಲ್ಲ. ನಿಯಮ ಮಾಡಿಸುವಾಗ ಯಾರಿಗೂ ವಿನಾಯಿತಿ ಇರಕೂಡದೆಂದು ಮೇಜು ಗುದ್ದಿದವರೂ ಅವರೇ. ಅಜ್ಜನ ಮೀಸೆಯ ಹೆಸರಿನಲ್ಲಿ ಪರರಿಗೆ ಗುಂಡಿ ತೋಡುವವರಿಗೆ ಅಷ್ಟಾದರೂ ಆಗಬೇಕು.

ಕೆಲವೇ ವಾರಗಳಲ್ಲಿ ಸಾಮ್ರಾಜ್ಯದ ಕೊನೆಯ ಕುಡಿ ಪೆಟ್ಟಿಗೆಗಳ ನಡುವೆ ಬೀದಿಯಲ್ಲಿ ಕುಳಿತಿತ್ತು. ಅನ್ನಕ್ಕೆ ಎಸರಿಡಲೂ ಬಾರದ ಆಸಾಮಿ. ಓಣಿಯವರು ನಗುತ್ತ ಹಾದುಹೋದರು. ಹಾಲವ್ವನಿಗೆ ಮಾತ್ರ ಕರುಳು ಚುರುಕ್ ಎಂದಿತು. ಒಳಗೆ ಕರೆದು ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಉಂಡ ರಾಜರು ಅಭ್ಯಾಸಬಲದಿಂದ ತಾಟನ್ನು ಅಲ್ಲೇ ಬಿಟ್ಟು ಎದ್ದರು.

“ತಾಟು ತೊಳದಿಡ್ರಿ ಅರಸರ,” ಎಂದಳು ಹಾಲವ್ವ. “ಇಲ್ಲಿ ಉಂಡವರೆಲ್ಲ ತೊಳೀತಾರ.”

ರಾಜರು ಬಗ್ಗಿ ತಾಟನ್ನು ಕೈಗೆತ್ತಿಕೊಂಡರು. ಆಮೇಲೆ ನಲ್ಲಿ ಎಲ್ಲಿದೆ ಎಂದು ಕೇಳಿದರು.