ಬೇಡಪ್ಪ ಮುಟ್ಟದೆ ಬಿಟ್ಟ ಗಾಡಿ

"ಇದನ್ನ ಮಾಡಿದವರನ್ನ ಒಂದು ಮಾತು ಕೇಳ್ಕೊಂಡು ಬನ್ನಿ ಮೇಡಂ. ಅವರು ಹೂಂ ಅಂದ್ರೆ ಮುಟ್ತೀನಿ. ಇಲ್ಲಾಂದ್ರೆ ಬೇಡ."

ಅಷ್ಟು ಹೇಳಿ ಅವನು ಹಳೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳತೊಡಗಿದ. ಅವಳು ನಿಂತಲ್ಲೇ ನಿಂತುಬಿಟ್ಟಳು.

ಮಾಡಿದವರನ್ನು ಕೇಳಬೇಕಂತೆ... ಎಲ್ಲಿ ಹೋಗಿ ಕೇಳಲಿ?

ಅವಳ ಮೋಟಾರ್‌ಸೈಕಲ್ ಇನ್ನೂ ಡೈನೋ ಮೇಲೆಯೇ ಇತ್ತು. ಡೈನೋ ಎಂದರೆ ನೆಲದಲ್ಲಿ ಹುದುಗಿಸಿದ ದೊಡ್ಡ ಉಕ್ಕಿನ ಉರುಳೆ. ಗಾಡಿಯ ಹಿಂದಿನ ಚಕ್ರವನ್ನು ಅದರ ಮೇಲೆ ಕೂರಿಸಿ, ಮುಂದಿನ ಚಕ್ರವನ್ನು ಬಿಗಿದು, ಎರಡೂ ಕಡೆ ಪಟ್ಟಿ ಎಳೆದು ಕಟ್ಟಿ ಓಡಿಸುತ್ತಾರೆ. ಎಂಜಿನ್ನಿನ ಶಕ್ತಿ ಎಷ್ಟು, ಪೆಟ್ರೋಲು ಗಾಳಿ ಹದವಾಗಿ ಬೆರೆಯುತ್ತಿವೆಯೇ ಎಂಬುದೆಲ್ಲ ಪಕ್ಕದ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಆ ಗೆರೆ ನೋಡಿಕೊಂಡು ಗಾಡಿಯೊಳಗಿನ ಪುಟ್ಟ ಕಂಪ್ಯೂಟರಿನ ಸೆಟ್ಟಿಂಗ್ ತಿದ್ದುವವನೇ ಟ್ಯೂನರ್. ಗಾಡಿ ಎಷ್ಟು ವೇಗವಾಗಿ ಓಡಿದರೂ ಇದ್ದಲ್ಲೇ ಇರುತ್ತದೆ.

ಇದ್ದಲ್ಲೇ ಓಡುವುದು ಅವಳಿಗೆ ಹೊಸದೇನಲ್ಲ. ಅಣ್ಣ ಹೋದ ಮೇಲೆ ಅವಳ ದಿನಗಳೆಲ್ಲ ಹಾಗೆಯೇ ಇದ್ದವು.

ಅವಳದ್ದು ಕಿವಿ ಪರೀಕ್ಷೆ ಮಾಡುವ ಕೆಲಸ. ಹೊರಗಿನ ಸದ್ದು ಒಳಬಾರದ ಚಿಕ್ಕ ಕೋಣೆ, ಗಾಜಿನ ಆಚೆ ಹೆಡ್‌ಫೋನ್ ಹಾಕಿ ಕುಳಿತ ಅಪರಿಚಿತರು. ಸದ್ದು ಕೇಳಿದ ಕೂಡಲೇ ಗುಂಡಿ ಒತ್ತಿ ಎಂದು ದಿನವಿಡೀ ಅವರಿಗೆ ಹೇಳುವುದು, ಸಂಜೆ ಬೀಗ ತೆಗೆದು ಮನೆಯೊಳಗೆ ಹೋದರೆ ಅಲ್ಲೂ ಅದೇ ಮೌನ. ತಟ್ಟೆ ಎರಡಿದ್ದವು, ತೊಳೆಯುವುದು ಒಂದೇ.

ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವಳನ್ನು ಸಾಕಿ ಬೆಳೆಸಿದವನು ಅಣ್ಣ. ಇವಳು ತಲೆ ಬಾಚಿ ಹೊರಡುವಷ್ಟರಲ್ಲಿ ಊರೆಲ್ಲ ಸುತ್ತಿ ಬರಬಹುದು ಎಂದು ಅವಳಿಗೆ 'ಆಮೆ' ಅಂತ ಹೆಸರಿಟ್ಟವನೂ ಅವನೇ. ಗಾಡಿ ಕಲಿಸ್ತೀನಿ ಬಾರೇ ಎಂದು ಕರೆದಾಗಲೆಲ್ಲ ಇವಳು ಮುಂದಿನ ವಾರ, ಮುಂದಿನ ವಾರ ಎನ್ನುತ್ತಿದ್ದಳು. ಕೊನೆಯ ದಿನಗಳಲ್ಲಿ ಅವನು ಲ್ಯಾಪ್‌ಟಾಪನ್ನು ಗಾಡಿಗೆ ಜೋಡಿಸಿಕೊಂಡು ಏನೇನೋ ಮಾಡುತ್ತಿದ್ದ. ಆಮೇಲೆ ಮನೆ ಮುಂದಿನ ಓಣಿಯಲ್ಲೇ ಗಾಡಿ ಹೊರಡಿಸುವುದು, ನಿಲ್ಲಿಸುವುದು, ಮತ್ತೆ ಹೊರಡಿಸುವುದು. ನೀನೇನು ಈಗ ಹೊಸದಾಗಿ ಕಲೀತಿದ್ದೀಯಾ ಎಂದು ಇವಳು ಬಾಗಿಲಲ್ಲಿ ನಿಂತು ರೇಗಿಸಿದರೆ ಅವನು ನಕ್ಕು ಮತ್ತೆ ಗಾಡಿ ಹೊರಡಿಸುತ್ತಿದ್ದ.

ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಆ ಮುಂದಿನ ವಾರ ಬರಲೇ ಇಲ್ಲ.

ಅವನದ್ದು ಅಂತ ಉಳಿದದ್ದು ಆ ಗಾಡಿಯೊಂದೇ. ಅವಳು ಡ್ರೈವಿಂಗ್ ಸ್ಕೂಲಿಗೆ ಸೇರಿ, ಅಪರಿಚಿತರ ಕೈಲಿ ಬೈಸಿಕೊಂಡು, ಮನೆಗೆ ಬಂದು ಇದೇ ಗಾಡಿಯ ಮೇಲೆ ಒಬ್ಬಳೇ ಅಭ್ಯಾಸ ಮಾಡಿ ಕಲಿತಳು. ಈಗ ಕೈ ಪಳಗಿತ್ತು. ಆದರೆ ಗಾಡಿಗೆ ಒಂದು ಚಾಳಿ. ಆಕ್ಸಿಲರೇಟರ್ ತಿರುಗಿಸಿದರೆ ತಟ್ಟನೆ ಮುಂದೆ ಹೋಗುವುದಿಲ್ಲ. ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ಮೆಲ್ಲಗೆ ಹೊರಡುತ್ತದೆ. ಸಿಗ್ನಲ್ಲಿನಲ್ಲಿ ಹಿಂದಿನವರು ಹಾರ್ನ್ ಹೊಡೆದು ತಲೆ ಚಿಟ್ಟು ಹಿಡಿಸುತ್ತಿದ್ದರು. ಡೈನೋ ಟ್ಯೂನಿಂಗ್ ಮಾಡಿಸಿ ಎಂದು ಯಾರೋ ಹೇಳಿದರು.

ಹೇಳುವುದು ಸುಲಭ. ಕೊಡುವುದು ಯಾರ ಕೈಗೆ? ಕೆಟ್ಟ ಕೈಗೆ ಸಿಕ್ಕರೆ ಎಂಜಿನ್ನೇ ಸುಟ್ಟುಹೋಗಬಹುದು, ಆಮೇಲೆ ಅಣ್ಣನ ಹೆಸರಿಗೆ ಏನೂ ಉಳಿಯುವುದಿಲ್ಲ. ಗಾಡಿ ನೋಡೋ ಮುಂಚೆಯೇ ಇಷ್ಟು ಶಕ್ತಿ ಹೆಚ್ಚಿಸ್ತೀನಿ ಅನ್ನೋನಿಗೆ ಕೀ ಕೊಡಬಾರದು ಎಂದು ಅಣ್ಣ ಯಾವಾಗಲೂ ಹೇಳುತ್ತಿದ್ದ. ಅವಳು ನೋಡಿದ ಮೊದಲ ಎರಡು ಅಂಗಡಿಗಳಲ್ಲೂ ಗಾಡಿ ನೋಡದೆಯೇ ಶಕ್ತಿ ಹೆಚ್ಚಿಸುವ ಮಾತಾಡಿದರು. ಅವಳು ಕೀ ಕೊಡದೆ ವಾಪಸ್ ಬಂದಳು.

ಮೂರನೆಯವನೇ ಇವನು. ಗಿರಾಕಿಗಳು ಇವನಿಗೆ ಇಟ್ಟ ಹೆಸರು ಬೇಡಪ್ಪ. ಹತ್ತು ಜನ ಬಂದರೆ ಆರು ಜನಕ್ಕೆ "ಬೇಡ, ನಿಮ್ಮ ಗಾಡಿ ಚೆನ್ನಾಗೇ ಇದೆ" ಎಂದು ವಾಪಸ್ ಕಳಿಸುವ ಮನುಷ್ಯ. ಹೀಗೆ ವ್ಯಾಪಾರ ಮಾಡಿದರೆ ಉದ್ಧಾರವಾದ ಹಾಗೇ ಎಂದು ಪಕ್ಕದ ಅಂಗಡಿಯವರು ನಗುತ್ತಿದ್ದರು.

ಅವನು ಶಕ್ತಿಯ ಮಾತೇ ಎತ್ತಲಿಲ್ಲ. ಯಾವ ರಸ್ತೆ, ಎಷ್ಟು ಓಡಾಟ, ಎಷ್ಟು ದಿನದಿಂದ ಹೀಗಾಗ್ತಿದೆ ಎಂದು ಒಂದೊಂದೇ ಕೇಳಿದ. ಚೈನ್ ಮುಟ್ಟಿ ನೋಡಿದ, ಗಾಳಿಯ ಫಿಲ್ಟರ್ ಬಿಚ್ಚಿ ನೋಡಿದ. ಹಿಂದಿನ ಸ್ಪ್ರಿಂಗಿನ ಹತ್ತಿರ ಬಗ್ಗಿ, ತಲೆ ಎತ್ತದೆಯೇ ಕೇಳಿದ.

"ಒಬ್ಬರಿಗಾ, ಇಬ್ಬರಿಗಾ? ಅಂದ್ರೆ... ಹಿಂದೆ ಯಾರಾದ್ರೂ ಕೂರ್ತಾರಾ?"

"ಇಲ್ಲ. ಒಬ್ಬಳೇ."

"ಯಾವಾಗಲೂ?"

"ಯಾವಾಗಲೂ."

ಎಷ್ಟು ಜನ ಕೂರುತ್ತಾರೋ ಅದಕ್ಕೆ ತಕ್ಕಂತೆ ಸ್ಪ್ರಿಂಗ್ ಬಿಗಿಸಬೇಕು, ಗಾಡಿಗಾಗಿ ಕೇಳಿದ ಪ್ರಶ್ನೆ ಅದು. ಆದರೂ ಉತ್ತರ ಹೇಳುವಾಗ ಅವಳು ಖಾಲಿ ಹಿಂದಿನ ಸೀಟಿನ ಕಡೆ ನೋಡಿದಳು.

ಎಂಜಿನ್ ಶುರು ಮಾಡುವ ಮೊದಲು ಅವನು ತನ್ನ ಕಿವಿಗಿಂತ ಮುಂಚೆ ಅವಳ ಕೈಗೆ ಕಿವಿಮುಚ್ಚುಗ ಕೊಟ್ಟ. ಅವಳಿಗೆ ನಗು ಬಂತು. ಇಷ್ಟು ವರ್ಷದಲ್ಲಿ ಅವಳ ಕಿವಿಯ ಚಿಂತೆ ಮಾಡಿದವರು ಒಬ್ಬರೂ ಇರಲಿಲ್ಲ. 'ಇವನನ್ನು ನಂಬಬಹುದೇನೋ' ಅನ್ನಿಸಿತು.

ಏನನ್ನೂ ಬದಲಿಸದೆ ಅವನು ಮೊದಲು ಗಾಡಿಯನ್ನು ಒಂದೊಂದೇ ಗೇರಿನಲ್ಲಿ ಓಡಿಸಿ ನೋಡಿದ. ಪರದೆಯ ಗೆರೆಯನ್ನು ಮತ್ತೆ ಮತ್ತೆ ನೋಡಿದ. ಒಮ್ಮೆ ಅವಳ ಕಡೆ ತಿರುಗಿ ವಿಚಿತ್ರವಾಗಿ ನೋಡಿದ. ಆಮೇಲೆ ಎದ್ದು ಬಂದು ಹೇಳಿದ್ದೇ ಆ ಮಾತು, ಮಾಡಿದವರನ್ನ ಕೇಳ್ಕೊಂಡು ಬನ್ನಿ ಅಂತ.

ಗಾಡಿ ತಯಾರಿಸಿದ ಕಂಪನಿಯವರನ್ನು ಕೇಳಬೇಕೆ? ಅಣ್ಣನನ್ನು ಕೇಳಬೇಕೆ? ಕೇಳಲು ಅವನಿದ್ದಿದ್ದರೆ ಇವಳು ಈ ಅಂಗಡಿಗೆ ಯಾಕೆ ಬರುತ್ತಿದ್ದಳು...

"ನಿಮ್ಮ ಕೈಲಿ ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿ. ಹೆಂಗಸು ಅಂತ ತಾನೇ ಕೇಳ್ಕೊಂಡು ಬಾ ಅಂತಿರೋದು?"

ಅವನು ತಬ್ಬಿಬ್ಬಾದ. ಪಟ್ಟಿ ಬಿಚ್ಚಿ ಗಾಡಿಯನ್ನು ಕೆಳಗಿಳಿಸುತ್ತಲೇ ಏನೋ ವಿವರಿಸಲು ಹೊರಟ. ಅವಳು ಅಷ್ಟರಲ್ಲಿ ಎಂಜಿನ್ ಶುರು ಮಾಡಿಬಿಟ್ಟಿದ್ದಳು. ದಿನವಿಡೀ ಜನರಿಗೆ ಗಮನಕೊಟ್ಟು ಕೇಳಿ ಎಂದು ಹೇಳುವವಳು ಆ ದಿನ ತಾನು ಮಾತ್ರ ಕೇಳಲಿಲ್ಲ.

ಮೂಗಿನ ತುದಿಯ ಕೋಪ ಅವಳನ್ನು ಸೀದಾ ನಾಲ್ಕನೆಯ ಅಂಗಡಿಗೆ ಕರೆದೊಯ್ದಿತು. ಗಾಜಿನ ಬಾಗಿಲು, ತಣ್ಣನೆಯ ಎಸಿ, ಮೆತ್ತನೆಯ ಸೋಫಾ. ಮಾಲೀಕ ಕುರ್ಚಿಯಿಂದ ಏಳದೆಯೇ ಹತ್ತು ಪರ್ಸೆಂಟ್ ಶಕ್ತಿ ಜಾಸ್ತಿ, ಗ್ಯಾರಂಟಿ ಎಂದ. ಅಣ್ಣನ ಮಾತು ಅವಳಿಗೆ ನೆನಪಾಗಲಿಲ್ಲ ಎಂದೇನಿಲ್ಲ, ಚೆನ್ನಾಗಿಯೇ ನೆನಪಾಯಿತು. ಆದರೂ ಕೀ ಕೊಟ್ಟಳು. ಬೇಡಪ್ಪನ ಮೇಲಿನ ಹಟಕ್ಕೆ ಅಣ್ಣನ ಗಾಡಿಯನ್ನು ಒಪ್ಪಿಸಿದಳು ನೋಡಿ! ಆ ಮಾಲೀಕ ಅವಳನ್ನು ಡೈನೋ ಕೋಣೆಯೊಳಗೆ ಬಿಡಲಿಲ್ಲ, ಒಬ್ಬರಿಗಾ ಇಬ್ಬರಿಗಾ ಎಂದೂ ಕೇಳಲಿಲ್ಲ.

ಸಂಜೆ ಗಾಡಿ ಕೈಗೆ ಬಂದಾಗ ಬೇರೆಯದೇ ಪ್ರಾಣಿಯಾಗಿತ್ತು. ಸುಮ್ಮನೆ ಮುಟ್ಟಿದರೆ ಸಾಕು, ಎಗರುತ್ತಿತ್ತು. ಸಿಗ್ನಲ್ಲಿನಲ್ಲಿ ಎಲ್ಲರಿಗಿಂತ ಮುಂದೆ ಹೊರಟಾಗ ಅವಳಿಗೆ ಖುಷಿಯೇ ಆಯಿತು. ಆ ಖುಷಿ ಮನೆಯ ಓಣಿಯವರೆಗೆ ಇತ್ತು.

ಗೇಟಿನ ಹತ್ತಿರ ಎಂದಿನಂತೆ ಆಕ್ಸಿಲರೇಟರ್ ಕೊಟ್ಟು ಗಾಡಿಯನ್ನು ಮೆಲ್ಲಗೆ ತಿರುಗಿಸಲು ಹೋದಳು. ಗಾಡಿ ಮೆಲ್ಲಗೆ ತಿರುಗಲಿಲ್ಲ. ಧಡ್ ಎಂದು ಮುಂದೆ ಹಾರಿ, ಗೋಡೆಗೆ ತಾಗಿ, ಅವಳನ್ನು ಕೆಡವಿಕೊಂಡು ತಾನೂ ಬಿತ್ತು.

ಅಂಗೈ ತರಚಿತ್ತು, ಬ್ರೇಕ್ ಲಿವರಿನ ತುದಿ ಮುರಿದಿತ್ತು. ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಬಿದ್ದಲ್ಲೇ ಅವಳು ಸ್ವಲ್ಪ ಹೊತ್ತು ಕಾದಳು. ಏನಕ್ಕೆ ಕಾಯುತ್ತಿದ್ದೇನೆ ಎಂದು ಆಮೇಲೆ ಅವಳಿಗೇ ಹೊಳೆಯಿತು. 'ಏಳೇ ಆಮೆ' ಅನ್ನುವ ದನಿಗೆ. ಆ ದನಿ ಬರಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಮುಗಿದ ಮೇಲೆ ಒಂದು ಯೋಚನೆ ಬಂತು. ಕೈ ನಡುಗುತ್ತಿದ್ದ ಹೊಸತರಲ್ಲೂ ಈ ಗಾಡಿ ತನ್ನನ್ನು ಒಂದು ಸಲವೂ ಬೀಳಿಸಿರಲಿಲ್ಲವಲ್ಲ? ಎಷ್ಟೋ ಸಲ ಗಾಬರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದ್ದಳು. ಆಗೆಲ್ಲ ಅದು ಒಂದು ಕ್ಷಣ ತಡೆದು, ನಿಧಾನವಾಗಿ ಹೊರಟಿತ್ತು.

ಇದನ್ನ ಮಾಡಿದವರನ್ನ...

ಗಾಡಿಯನ್ನು ಮಾಡಿದವರಲ್ಲ. ಆ ನಿಧಾನವನ್ನು ಮಾಡಿದವರು! ಆ ಗಾಡಿಯನ್ನು ಮುಟ್ಟಿದ್ದ ಕೈ ಒಂದೇ ಒಂದು.

ಮರುದಿನ ಗಾಜಿನ ಬಾಗಿಲಿನ ಅಂಗಡಿಗೆ ಹೋಗಿ ಹಳೆಯ ಸೆಟ್ಟಿಂಗ್ ವಾಪಸ್ ಹಾಕಿಕೊಡಿ ಎಂದು ಬೇಡಿಕೊಂಡಳು. ಮಾಲೀಕ ನಕ್ಕ. ಅದನ್ನೆಲ್ಲ ಯಾರು ಇಟ್ಕೋತಾರೆ, ಅದರ ಮೇಲೇ ಹೊಸದು ಹಾಕಿದ್ದಾಯ್ತು, ಹಳೇದು ಕಸ ಎಂದ. ಅಣ್ಣ ಅವಳಿಗೆ ಎರಡನೇ ಸಲ ಸತ್ತ ಹಾಗಾಯಿತು.

ಬೇರೆಲ್ಲಿಗೆ ಹೋಗುವುದೋ ತಿಳಿಯದೆ ಬೇಡಪ್ಪನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಳು. ಅವನು ಫ್ಯಾನಿನ ಎದುರು ಒಬ್ಬನೇ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದ. ಕೈಗೆ ಕಟ್ಟಿದ ಬಟ್ಟೆ ನೋಡಿದವನೇ ಡಬ್ಬಿ ಬದಿಗಿಟ್ಟು ಸ್ಟೂಲ್ ಎಳೆದು ಹಾಕಿದ.

"ಮಾಡಿದವರನ್ನ ಕೇಳ್ಕೊಂಡು ಬನ್ನಿ ಅಂದ್ರಲ್ಲ," ಎಂದಳು ಅವಳು. "ಕೇಳೋಣ ಅಂದ್ರೆ ಅವನಿಲ್ಲ. ನಮ್ಮಣ್ಣ... ಹೋಗಿಬಿಟ್ಟ. ಅವನು ಮಾಡಿದ್ದನ್ನೂ ನಾನು ಅಳಿಸಿ ಹಾಕ್ಸಿಬಿಟ್ಟೆ."

ಅವನ ಮುಖದ ಬಣ್ಣವೇ ಇಳಿದುಹೋಯಿತು. ಎದ್ದು ಹೋಗಿ ಕಂಪ್ಯೂಟರ್ ಮುಂದೆ ಕುಳಿತ.

"ಅಳಿಸಿಲ್ಲ ಮೇಡಂ. ನನ್ನ ಹತ್ರ ಇದೆ."

ಅದು ಅವನ ಪದ್ಧತಿ. ಯಾವ ಗಾಡಿ ಬಂದರೂ, ಕೆಲಸ ಮಾಡಲಿ ಬಿಡಲಿ, ಒಳಗಿದ್ದದ್ದನ್ನು ಇದ್ದ ಹಾಗೇ ಒಂದು ಪ್ರತಿ ಎತ್ತಿಟ್ಟುಕೊಂಡ ಮೇಲೆಯೇ ಉರುಳೆ ತಿರುಗಬೇಕು. ಪರದೆಯ ಮೇಲೆ ಅವಳ ಗಾಡಿಯ ಸೆಟ್ಟಿಂಗ್ ತೆರೆದುಕೊಂಡಿತು. ಮಾಡಿದವನು ಅದಕ್ಕೊಂದು ಹೆಸರನ್ನೂ ಇಟ್ಟಿದ್ದ.

ಆಮೆ.

"ಮೊದಲು ನೋಡಿದಾಗ ತಮಾಷೆಗೆ ಇಟ್ಟಿರ್ಬೇಕು ಅಂದ್ಕೊಂಡೆ," ಎಂದ ಅವನು. ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಅದು ತಾನೇ ಎಂದು ತಲೆಯಾಡಿಸಿ ತಿಳಿಸಿದಳು.

ಆಮೇಲೆ ಅವನು ನಿಧಾನವಾಗಿ ವಿವರಿಸಿದ. ಮೊದಲ ಎರಡು ಗೇರಿನಲ್ಲಿ ಮಾತ್ರ ಎಳೆತ ತಗ್ಗಿಸಿದ್ದಾರೆ, ಕಲಿಯುವವರು ಗಾಬರಿಯಲ್ಲಿ ತಿರುಗಿಸಿದರೂ ಗಾಡಿ ಎಗರಬಾರದು ಅಂತ. ಮೂರರಿಂದ ಮೇಲೆ ಪೂರ್ತಿ ಬಿಟ್ಟಿದ್ದಾರೆ, ದೊಡ್ಡ ರಸ್ತೆಯಲ್ಲಿ ಶಕ್ತಿ ಸಾಲದೆ ಸಿಕ್ಕಿಹಾಕಿಕೊಳ್ಳಬಾರದು ಅಂತ. ಇದು ಒಂದೇ ಸಲಕ್ಕೆ ಆಗುವ ಕೆಲಸವಲ್ಲ. ಸ್ವಲ್ಪ ತಿದ್ದಿ, ಹೊರಡಿಸಿ ನೋಡಿ, ನಿಲ್ಲಿಸಿ, ಮತ್ತೆ ತಿದ್ದಬೇಕು.

ಓಣಿಯಲ್ಲಿ ಹೊರಟು ನಿಂತು, ಹೊರಟು ನಿಂತು ಮಾಡುತ್ತಿದ್ದ ಅಣ್ಣ ಅವಳ ಕಣ್ಣ ಮುಂದೆ ಬಂದ. ಬಾಗಿಲಲ್ಲಿ ನಿಂತು ತಾನು ರೇಗಿಸಿದ್ದೂ ನೆನಪಾಯಿತು. ಕಲಿಸಲು ಅವನು ಇರಲಿಲ್ಲ ಎಂದು ಇಷ್ಟು ದಿನ ಕೊರಗಿದ್ದಳು. ಅವನು ಇದ್ದ. ಅವಳು ಗಾಡಿ ಹೊರಡಿಸಿದ ಪ್ರತಿ ಸಲವೂ ಹಿಂದಿನಿಂದ ಹಿಡಿದುಕೊಂಡೇ ಇದ್ದ.

"ಅವತ್ತೇ ಬಿಡಿಸಿ ಹೇಳ್ಬಹುದಿತ್ತಲ್ಲ?" ಕಣ್ಣೊರೆಸಿಕೊಳ್ಳುತ್ತಾ ಅವಳು ಕೇಳಿದಳು.

ಅವನು ತಲೆ ತಗ್ಗಿಸಿದ.

"ನಿಮ್ಮ ಯಜಮಾನರು ಮಾಡಿದ್ದು ಅಂದ್ಕೊಂಡೆ. ಇಷ್ಟು ಪ್ರೀತಿಯಿಂದ ಮಾಡಿರೋದನ್ನ ಇವರು ತೆಗೆಸೋಕೆ ಬಂದಿದ್ದಾರಲ್ಲಾ ಅಂತ ಸಿಟ್ಟು ಬಂತು. ನಿಜ ಹೇಳ್ಬೇಕಂದ್ರೆ... ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು."

ಹೇಳಬಾರದ್ದನ್ನು ಹೇಳಿಬಿಟ್ಟವನ ಹಾಗೆ ಅವನು ಹಳೆಯ ಸೆಟ್ಟಿಂಗ್ ವಾಪಸ್ ಹಾಕಲೆಂದು ಅವಸರದಲ್ಲಿ ಗಾಡಿಗೆ ತಂತಿ ಜೋಡಿಸಲು ಹೋದ. ಅವಳು ಆ ಮಾತನ್ನು ಮಾತ್ರ ಸ್ಪಷ್ಟವಾಗಿ ಕೇಳಿಸಿಕೊಂಡಿದ್ದಳು.

ಆ ಸಂಜೆ ಗಾಡಿ ಮತ್ತೆ ಒಂದು ಕ್ಷಣ ಯೋಚನೆ ಮಾಡಿ ಮೆಲ್ಲಗೆ ಹೊರಟಿತು. ಹೆಲ್ಮೆಟ್ಟಿನೊಳಗೆ ಅವಳು ಅಳುತ್ತಲೇ ನಕ್ಕಳು. ಹಿಂದಿನವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ!

ಆಮೇಲೆ ಗಾಡಿಗೆ ಇಲ್ಲದ ಕಾಯಿಲೆಗಳೆಲ್ಲ ಶುರುವಾದವು. ಚೈನ್ ಸಡಿಲ ಅನ್ನಿಸುತ್ತದೆ, ಟೈರಿನಲ್ಲಿ ಗಾಳಿ ಕಡಿಮೆ ಅನ್ನಿಸುತ್ತದೆ ಎಂದು ಅವಳು ಬರುವುದು. ಪ್ರತಿ ಸಲವೂ ಅವನು ನೋಡಿ, ಏನೂ ಆಗಿಲ್ಲ ಎಂದು ಹೇಳಿ, ಟೀ ತರಿಸುವುದು. ಅವನ ಮನೆಯಲ್ಲೂ ತೊಳೆಯುವ ತಟ್ಟೆ ಒಂದೇ ಎಂದು ಅವಳಿಗೆ ಗೊತ್ತಾಯಿತು. ಇಷ್ಟು ವರ್ಷ ಎಂಜಿನ್ ಸದ್ದಿನ ನಡುವೆ ಇದ್ದವನ ಕಿವಿಯನ್ನು ಅವಳು ತನ್ನ ಕೋಣೆಗೆ ಕರೆಸಿ ಪರೀಕ್ಷಿಸಿದಳು. ಗಾಜಿನ ಆಚೆ ಕುಳಿತ ಅವನು ಸದ್ದು ಬಂದಾಗಲೂ ಗುಂಡಿ ಒತ್ತಿದ, ಬರದಿದ್ದಾಗಲೂ ಒತ್ತಿದ. ಅವಳನ್ನೇ ನೋಡುತ್ತಾ ಕುಳಿತರೆ ಇನ್ನೇನಾಗುತ್ತದೆ?

ಒಂದು ಮಧ್ಯಾಹ್ನ ಅವನು ಅಳುಕುತ್ತಲೇ ಮಾತು ತೆಗೆದ. ನೀವೀಗ ಕಲಿಯುವವರಲ್ಲ, ನಿಮ್ಮ ಕೈಗೆ ತಕ್ಕ ಹಾಗೆ ಇನ್ನೊಂದು ಸೆಟ್ಟಿಂಗ್ ಮಾಡಿಕೊಡಲಾ ಎಂದು. ಅಣ್ಣನದ್ದು ಹಾಗೇ ಇರುತ್ತದೆ, ಹ್ಯಾಂಡಲ್ ಪಕ್ಕ ಒಂದು ಸ್ವಿಚ್ ಇಟ್ಟರೆ ಯಾವುದು ಬೇಕೋ ಅದು.

ಅವಳು ಗಾಡಿಯ ಸೀಟು ಸವರಿದಳು.

"ಅಣ್ಣನ್ನ ಬಿಟ್ಟು ಹೋದ ಹಾಗಾಗಲ್ವಾ?"

"ನೀವು ಕಲಿಯೋವರೆಗೆ ಅಂತ ತಾನೇ ಅವರು ಮಾಡಿದ್ದು? ಕಲಿತಿದ್ದೀರ."

ಅವಳ ಕಣ್ಣು ತುಂಬಿ ಬಂತು. ಹೂಂ ಎಂದಳು. ಅವನು ಗಾಡಿಯನ್ನು ಉರುಳೆಯ ಮೇಲೆ ಹತ್ತಿಸಿ ಪಟ್ಟಿ ಬಿಗಿದ. ಅವಳ ಕೈಗೆ ಕಿವಿಮುಚ್ಚುಗ ಕೊಟ್ಟ. ಆಮೇಲೆ ಸ್ಪ್ಯಾನರ್ ಹಿಡಿದು ಹಿಂದಿನ ಸ್ಪ್ರಿಂಗಿನ ಹತ್ತಿರ ಬಗ್ಗಿದ. ತಲೆ ಎತ್ತದೆಯೇ ಕೇಳಿದ.

"ಒಬ್ಬರಿಗಾ... ಇಬ್ಬರಿಗಾ?"

ಅವಳು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದಳು.

"ಇಬ್ಬರಿಗೆ."

ಸ್ಪ್ಯಾನರ್ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವನಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

"ಹಿಂದೆ ಕೂರೋರ ತೂಕ ಗೊತ್ತಾಗ್ಬೇಕು," ಎಂದ ಕೊನೆಗೆ.

"ನಿಮ್ಮ ತೂಕ ನಿಮಗೆ ಗೊತ್ತಿಲ್ವಾ?"

ಅವನು ತಲೆ ಎತ್ತಿದ. ಬೇಡ ಎನ್ನುವುದನ್ನೇ ಉದ್ಯೋಗ ಮಾಡಿಕೊಂಡವನ ಕಣ್ಣಲ್ಲಿ ನೀರಿತ್ತು.

"ಯಾವಾಗಲೂ?"

"ಯಾವಾಗಲೂ."