ಗುಂಡು ಬೌಲ್ ಮಾರಾಟಕ್ಕಿಲ್ಲ

"ಅದನ್ನ ಕೊಡೂದಿಲ್ಲ."

ಬೆನ್ನ ಹಿಂದಿನಿಂದ ಬಂದ ಆ ದನಿಗೆ ಧನ್ಯಶ್ರೀಯ ಕೈಯಲ್ಲಿದ್ದ ಗಾಜಿನ ಗುಂಡು ಬೌಲ್ ಜಾರಿ ಬೀಳುವುದೊಂದು ಬಾಕಿ!

ಕುಮಟಾ ಬಸ್‌ಸ್ಟ್ಯಾಂಡಿನ ಹಿಂದಿನ ಆ ಅಕ್ವೇರಿಯಂ ಅಂಗಡಿಗೆ ಅವಳು ಬಂದದ್ದು ಇದೇ ಮೊದಲು. ಇಲ್ಲಿನ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಬಾಡಿಗೆ ರೂಮಿನಲ್ಲಿ ಒಬ್ಬಳೇ ಇದ್ದು ಬೇಜಾರು. ಮೇಜಿನ ಮೇಲೆ ಒಂದು ಗೋಲ್ಡ್ ಫಿಶ್ ಇಟ್ಟುಕೊಳ್ಳೋಣ ಅನ್ನಿಸಿತ್ತು... ಚಿಕ್ಕಂದಿನಲ್ಲಿ ಇದ್ದಂಥದ್ದೇ ಗುಂಡು ಬೌಲಿನಲ್ಲಿ.

"ಯಾಕೆ ಕೊಡೂದಿಲ್ಲ? ಮಾರೂಕೆ ಇಟ್ಟದ್ದಲ್ವಾ?" ಎಂದು ಸಿಡುಕುತ್ತಲೇ ತಿರುಗಿದಳು.

"ಗಿಡ ಹಾಕೂಕಾದ್ರೆ ತಗೊಳ್ಳಿ. ಮೀನಿಗೆ ಅಂದ್ರೆ..."

ಅವನು ಅವಳ ಮುಖವನ್ನೇ ದಿಟ್ಟಿಸಿದ. ಅವಳೂ ಅವನನ್ನು.

ಅವನ ಎಡಹುಬ್ಬಿನ ಮೇಲೆ ಅದೇ ಗಾಯದ ಗುರುತು. ಸೈಕಲ್ಲಿನಿಂದ ಇಬ್ಬರೂ ಒಟ್ಟಿಗೇ ಬಿದ್ದಾಗ ಆದದ್ದು. ಮಿರ್ಜಾನದ ನಿತೇಶ!

"ಧನ್ಯಾ...?"

ಎಷ್ಟು ವರ್ಷವಾಯಿತು ಆ ದನಿಯಲ್ಲಿ ತನ್ನ ಹೆಸರು ಕೇಳದೆ! ಎದೆ ಒಮ್ಮೆಲೇ ತುಂಬಿ ಬಂತು. ಮರುಕ್ಷಣವೇ ಹಳೆಯ ಸಿಟ್ಟೂ ನೆನಪಾಯಿತು.

'ನನ್ನ ಮೀನನ್ನು ಸಾಯಿಸಿದವನು ಮೀನಿನ ಅಂಗಡಿ ಇಟ್ಟಿದ್ದಾನೆ!'

"ಗೋಲ್ಡ್ ಫಿಶ್ಶಿಗೆ ನಂಗೆ ಇದೇ ಬೇಕು," ಎಂದಳು, ಬೌಲನ್ನು ಎದೆಗೆ ಅವಚಿಕೊಂಡು.

ನಿತೇಶ ತಲೆ ಅಲ್ಲಾಡಿಸಿದ. "ಗುಂಡಾಗಿದ್ದದ್ದು ನೋಡೂಕೆ ಚಂದ, ಧನ್ಯಾ. ಒಳಗಿದ್ದದ್ದಕ್ಕೆ ಚಂದ ಅಲ್ಲ. ಬಾಯಿ ಸಣ್ಣ, ಗಾಳಿ ಸಾಲೂದಿಲ್ಲ. ಗೋಲ್ಡ್ ಫಿಶ್ ಈಜೂದು ಉದ್ದಕ್ಕೆ. ಅದ್ಕೆ ಎತ್ತರದ್ದೂ ಬೇಡ, ಗುಂಡೂ ಬೇಡ. ಉದ್ದ ಬೇಕು. ಎಲ್ಲಿಡ್ತೆ ನೀನು?"

"ಕಿಟಕಿ ಹತ್ರ. ಮೇಜಿನ ಮೇಲೆ."

"ಬಿಸಿಲು ಬಿದ್ರೆ ನೀರೆಲ್ಲ ಪಾಚಿ. ಮೇಜು ಎಷ್ಟುದ್ದ?"

"ಎರಡಡಿ ಇರ್ಬೇಕು."

"ಗೋಲ್ಡ್ ಫಿಶ್ಶಿಗೆ ಸಾಲೂದಿಲ್ಲ. ಎರಡಡಿ ಟ್ಯಾಂಕಿಗೆ ಗಪ್ಪಿ ಮೀನು ಬಿಡು. ನಿನ್ನ ಬೆರಳಿನ ಅರ್ಧ ಇರ್ತವೆ, ಖುಷಿಲಿರ್ತವೆ."

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು.

"ಎಂತ ಅವ್ವಾ...? ಬೊಮ್ಮಿ ಬೆಳಿಗ್ಗೆಯಿಂದ ತಿಂದಿಲ್ವಾ?" ನಿತೇಶನ ಮುಖ ಬಾಡಿತು. "ಮೂಲೆಲೇ ಅದೆಯಾ? ಹೊಟ್ಟೆ ದಪ್ಪ ಕಾಣ್ತದಾ? ಬಟಾಣಿ ಬೇಯ್ಸಿ, ಸಿಪ್ಪೆ ತೆಗ್ದು ಕೊಡು... ನಿನ್ನ ಕೈಲಿ ತಿನ್ನೂದಿಲ್ವಾ? ಆತು, ನಾನೇ ಬತ್ತೆ. ನನ್ನ ಮುಖ ಕಂಡ್ರೆ ತಿಂತದೆ."

ಧನ್ಯಶ್ರೀ ಎದೆಗೆ ಅವಚಿಕೊಂಡಿದ್ದ ಬೌಲನ್ನು ಮೆಲ್ಲನೆ ಇದ್ದಲ್ಲೇ ಇಟ್ಟುಬಿಟ್ಟಳು.

ನಮ್ಮ ಕರಾವಳಿಯಲ್ಲಿ ಹೆಣ್ಣುಮಕ್ಕಳನ್ನು 'ಅವಳು ಬಂದಳು' ಎನ್ನುವವರು ಕಡಿಮೆ. ಅಜ್ಜಿಯೂ 'ಅದು', ಅಕ್ಕನೂ 'ಅದು', ಕಟ್ಟಿಕೊಂಡ ಹೆಂಡತಿಯೂ 'ಅದು'. ಶಾಲೆಯಲ್ಲಿ ಸ್ತ್ರೀಲಿಂಗ, ನಪುಂಸಕಲಿಂಗ ಅಂತ ಬೋರ್ಡಿನ ಮೇಲೆ ಬರೆಯುವ ಟೀಚರಿಗೂ ಮನೆಮಾತು ಇದೇ.

'ಹೊಟ್ಟೆ ದಪ್ಪ... ಊಟ ಸೇರುವುದಿಲ್ಲ... ಇವನ ಮುಖ ಕಂಡರೆ ಮಾತ್ರ ತಿನ್ನುತ್ತಾಳೆ... ಹೌದು, ಮದುವೆಯಾಗಿದೆ. ಮಗುವೂ ಆಗಲಿದೆ. ಹೆಸರು ಬೊಮ್ಮಿ!'

"ಎರಡಡಿದೇ ಕಳ್ಸು," ಎಂದಳು, ಹೇಗೋ ದನಿ ಸರಿಮಾಡಿಕೊಂಡು. ರೂಮಿನ ವಿಳಾಸ ಹೇಳಿ ಹೊರಟಳು. "ಬತ್ತೆ."

ನಿತೇಶ ಅವಳನ್ನೇ ನೋಡಿದ. "ಆವತ್ತೂ ನೀ ಹಂಗೇ ಹೇಳಿದ್ದೆ."

ಧನ್ಯಶ್ರೀ ತಿರುಗಿ ನೋಡಲಿಲ್ಲ. ನೋಡಿದ್ದರೆ ಕಣ್ಣೀರು ಕಾಣುತ್ತಿತ್ತು.

ಆ ಸಂಜೆ ರೂಮಿನಲ್ಲಿ ಕೂತವಳಿಗೆ ಮಿರ್ಜಾನವೇ ಕಣ್ಣಮುಂದೆ. ಅಪ್ಪನಿಗೆ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ. ಸ್ಟೇಷನ್ನಿನಿಂದ ಹೊಳೆಯ ಕಡೆ ಇಳಿದರೆ ನಿತೇಶನ ಮನೆ. ಶಾಲೆಯಿಂದ ಬಂದು ಇಬ್ಬರೂ ಗದ್ದೆಯ ಬದುವಿನ ಮೇಲೆ ಓಡಿದ್ದೇ ಓಡಿದ್ದು! ಅವನ ಅವ್ವ ಹೊಳೆಯ ಚಿಪ್ಪಿನಿಂದ ತೆಗೆದು ಹುರಿದುಕೊಟ್ಟ ಬೆಳಚಿನ ರುಚಿ ಇನ್ನೂ ನಾಲಿಗೆಯ ಮೇಲಿದೆ. ಆಗಿನ ಸಂಜೆಗಳು ಮುಗಿಯುತ್ತಲೇ ಇರಲಿಲ್ಲ ಅನ್ನಿಸುತ್ತದೆ ಈಗ.

ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅಪ್ಪನಿಗೆ ರತ್ನಾಗಿರಿಗೆ ವರ್ಗವಾಯಿತು. ಹೊರಡುವ ದಿನ ತನ್ನ ಪುಟ್ಟ ಕೆಂಪು ಮೀನನ್ನು ಬೌಲಿನ ಸಮೇತ ನಿತೇಶನ ಕೈಗಿಟ್ಟಿದ್ದಳು.

"ನೋಡ್ಕತ್ಯಾ?"

"ನೋಡ್ಕತ್ತೆ."

"ಬತ್ತೆ," ಅಂದಿದ್ದಳು. ಹೊರಡುವಾಗ ಎಲ್ಲರೂ 'ಬರುತ್ತೇನೆ' ಅಂತಲೇ ಅನ್ನುವುದು. ಅವಳು ಮಾತ್ರ ನಿಜವಾಗಿಯೇ ಅಂದಿದ್ದಳು.

ಎರಡು ವರ್ಷದ ಮೇಲೆ ಗೆಳತಿ ಸುಶ್ಮಿತಾಳ ಅಕ್ಕನ ಮದುವೆಗೆ ಬಂದವಳು ಚಪ್ಪರದಿಂದ ಎದ್ದು ಓಡಿದ್ದು ನಿತೇಶನ ಮನೆಗೇ. ಆದರೆ ಬೇಲಿಯ ಹತ್ತಿರವೇ ಕಾಲು ನಿಂತುಬಿಟ್ಟಿತು. ಅಂಗಳದ ಕಟ್ಟೆಯ ಮೇಲೆ ಅದೇ ಬೌಲ್. ನೀರಿಲ್ಲ, ಮೀನಿಲ್ಲ. ಒಳಗೆ ಮಣ್ಣು ತುಂಬಿ ಒಂದೆಲಗ ಬೆಳೆಸಿದ್ದರು!

ಕರೆಯಲಿಲ್ಲ ಅವಳು. ಬಂದ ದಾರಿಯಲ್ಲೇ ಅಳುತ್ತಾ ಹೋದಳು. ಮೀನೊಂದಕ್ಕೆ ಅಷ್ಟು ಅಳುತ್ತಾರಾ? ಅತ್ತದ್ದು ಮೀನಿಗಲ್ಲ ಅಂತ ಅವಳಿಗೂ ಗೊತ್ತಿತ್ತು.

ಅಮ್ಮನ ಫೋನು ಬಂತು. "ಭಟ್ಕಳದವರು ಕೇಳ್ತಾ ಇದ್ದಾರೆ ಧನ್ಯಾ. ಒಳ್ಳೆ ಮನೆ, ಒಳ್ಳೆ ಹುಡುಗ. ಭಾನುವಾರದೊಳಗೆ ಹೂಂನೋ ಉಹೂಂನೋ ಹೇಳಬೇಕಂತೆ."

'ಇನ್ನು ಯಾರಿಗಾಗಿ ಕಾಯಬೇಕು ನಾನು?'

"ನಾಳೆ ಹೇಳ್ತೆ ಅಮ್ಮಾ," ಎಂದು ಫೋನಿಟ್ಟಳು. ಹೂಂ ಅನ್ನುವುದೆಂದು ಮನಸ್ಸಿನಲ್ಲೇ ನಿಶ್ಚಯವಾಗಿತ್ತು.

ಮರುದಿನ ಶನಿವಾರ. ಶಾಲೆಯಿಂದ ಬಂದು ಬೀಗ ತೆಗೆಯುವಷ್ಟರಲ್ಲಿ ನಿತೇಶ ಟ್ಯಾಂಕ್ ಹೊತ್ತು ಮೆಟ್ಟಿಲು ಹತ್ತಿ ಬಂದ. ಮೇಜನ್ನು ಕಿಟಕಿಯಿಂದ ಸರಿಸಿ ಗೋಡೆಗೆ ತಾಗಿಸಿದ. ಕುರ್ಚಿಯಲ್ಲಿ ಒಮ್ಮೆ ಕೂತು, ಬಗ್ಗಿ ನೋಡಿದ.

"ನೀ ಕೂತ್ರೆ ಕಣ್ಣಿಗೆ ಸಮ ಬತ್ತದೆ. ಟ್ಯಾಂಕ್ ಇಡೂದು ನಿಂತು ಹೋಗೂವ್ರಿಗಲ್ಲ, ಕೂತು ನೋಡೂವ್ರಿಗೆ."

ಅವನ ಕಣ್ಣು ಕೆಂಪಾಗಿತ್ತು. ನಿದ್ದೆ ಇಲ್ಲದ ಮುಖ. ಅವಳಿಗೆ ತಡೆಯಲಾಗಲಿಲ್ಲ.

"ಬೊಮ್ಮಿ... ಹೆಂಗದೆ?"

"ಬಟಾಣಿ ತಿಂತು!" ಮುಖವೆಲ್ಲ ಅರಳಿತು ಅವನಿಗೆ. "ಹೊಟ್ಟೆ ಇಳೀತು. ಈಗ ಅಡ್ಡಿಲ್ಲ."

'ಹೊಟ್ಟೆ ಇಳೀತಾ?' ಧನ್ಯಶ್ರೀ ಗಾಬರಿಯಾದಳು. "ಎಷ್ಟು ತಿಂಗಳಾಗಿತ್ತು?"

"ತಿಂಗಳಾ? ಹತ್ತು ವರ್ಷದ ಮೇಲಾತು ಮಾರಾಯ್ತಿ! ನೀನೇ ಕೊಟ್ಟದ್ದು, ನಿಂಗೇ ಗೊತ್ತಿಲ್ವಾ?"

"ನಾನು... ಕೊಟ್ಟದ್ದಾ?"

"ನಿನ್ನ ಮೀನಿಗೆ ಅವ್ವ ಇಟ್ಟ ಹೆಸರು ಅದು. ಬೊಮ್ಮಿ."

ಧನ್ಯಶ್ರೀ ಅಲ್ಲೇ ಹಾಸಿಗೆಯ ಮೇಲೆ ಕೂತುಬಿಟ್ಟಳು. ನಗು ಬಂತು, ಅದರ ಹಿಂದೆಯೇ ಅಳು. ಎರಡನ್ನೂ ಸೇರಿಸಿ ಕೇಳಿದಳು. "ಮತ್ತೆ ಆ ಒಂದೆಲಗ? ಕಟ್ಟೆ ಮೇಲೆ, ನನ್ನ ಬೌಲಲ್ಲಿ? ಮದುವೆಗೆ ಬಂದಾಗ ಬೇಲಿ ಹತ್ರ ನಿಂತು ನೋಡ್ದೆ ನಾನು!"

ನಿತೇಶ ದಂಗಾದ. "ಬಂದಿದ್ಯಾ? ಮನೆ ತನಕ ಬಂದಿದ್ಯಾ ನೀನು?"

ಅವನು ಕುರ್ಚಿ ಎಳೆದು ಅವಳೆದುರು ಕೂತ.

"ಬಾಲ ಗಾಜಿಗೆ ತಾಗ್ತಿತ್ತು, ಧನ್ಯಾ. ತಿರುಗೂಕೇ ಜಾಗ ಇರ್ಲಿಲ್ಲ ಅದ್ಕೆ. ಹಿತ್ತಲ ಸಿಮೆಂಟ್ ತೊಟ್ಟಿಲಿ ಬಿಟ್ಟೆ. ಬೌಲ್ ನೀ ಕೊಟ್ಟದ್ದು, ಬಿಸಾಡೂಕೆ ಮನಸಾಗ್ಲಿಲ್ಲ. ಅವ್ವ ಗಿಡ ಹಾಕ್ತು... ನೀ ಮದುವೆಗೆ ಬಂದದ್ದು ಗೊತ್ತಿತ್ತು ನಂಗೆ. ಇಸ್ತ್ರಿ ಮಾಡಿದ ಅಂಗಿ ಹಾಕ್ಕಂಡು ಮೀನಿಗೆ ತಾಜಾ ನೀರು ತರೂಕೆ ಹಿತ್ತಲ ಬಾವಿಗೆ ಹೋಗಿದ್ದೆ. ನಿಂಗೆ ತೋರ್ಸ್ಬೇಕು ಅಂತ. ನೀ ಬರ್ಲೇ ಇಲ್ಲ. ನಾ ಬೇಡ ಅಂತಾಯ್ತೇನೋ ಅಂದ್ಕಂಡೆ."

ಬೇಲಿಯಿಂದ ಹಿತ್ತಲಿಗೆ ಎಷ್ಟು ದೂರ! ಒಂದು ಕೂಗು ಕೂಗಿದ್ದರೆ ಮುಗಿದಿತ್ತು. ಅಷ್ಟಕ್ಕೆ ಇಷ್ಟು ವರ್ಷ!

"ನಂಗೆ ಈಗಲೇ ಅದನ್ನ ನೋಡ್ಬೇಕು," ಎಂದಳು, ಕಣ್ಣೊರೆಸಿಕೊಂಡು.

ಬೈಕು ಹೆದ್ದಾರಿ ಬಿಟ್ಟು ಮಿರ್ಜಾನದ ಒಳರಸ್ತೆಗೆ ಇಳಿದಾಗ ಹೊಳೆಯ ಕೆಸರಿನ ವಾಸನೆ ಬಂತು. ಅದನ್ನು ಅವಳು ರತ್ನಾಗಿರಿಯಲ್ಲಿ ಎಷ್ಟು ಹುಡುಕಿದ್ದಳೋ! ಅಂಗಳದ ಕಟ್ಟೆಯ ಮೇಲೆ ಒಂದೆಲಗದ ಬೌಲ್ ಈಗಲೂ ಇತ್ತು.

ಜಗಲಿಯ ಗೋಡೆಯುದ್ದಕ್ಕೂ ನಾಲ್ಕಡಿಯ ಟ್ಯಾಂಕ್. ಒಳಗೆ ಅಂಗೈಯಷ್ಟು ದೊಡ್ಡ ಮೀನು, ಕೆಂಪು ಮಾಸಿ ಅಲ್ಲಲ್ಲಿ ಬಿಳಿಯಾಗಿತ್ತು. ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ಹೋಗಿ ಬರುತ್ತಿತ್ತು.

ಧನ್ಯಶ್ರೀ ಮೊಣಕಾಲೂರಿ ಗಾಜಿಗೆ ಬೆರಳಿಟ್ಟಳು. ಬೊಮ್ಮಿ ಬಂದು ಆ ಬೆರಳಿನ ಎದುರೇ ಬಾಯಿ ಆಡಿಸಿತು.

ಒಳಗಿನಿಂದ ಅವ್ವನ ದನಿ. "ಅದು ಬಂತನಾ?"

"ಯಾರು ಅವ್ವಾ? ಬೊಮ್ಮಿ ಇಲ್ಲೇ ಅದ್ಯಲ್ಲ," ಎಂದ ನಿತೇಶ.

"ಬೊಮ್ಮಿ ಅಲ್ವೋ! ನಿನ್ನೆ ಅಂಗಡಿಗೆ ಬಂದಿತ್ತು ಅಂದ್ಯಲ್ಲ, ಅದು... ನೀ ಇಷ್ಟು ವರ್ಷ ಕಾಯ್ತಾ ಇದ್ದದ್ದು."

ನಿತೇಶ ತಲೆ ತಗ್ಗಿಸಿ ನಿಂತ. ಕಿವಿಯೆಲ್ಲ ಕೆಂಪು!

ವ್ಯಾಕರಣದ ಟೀಚರಮ್ಮ ಎದ್ದು ನಿಂತು ಒಳಕ್ಕೆ ಕೂಗಿ ಹೇಳಿದಳು. "ಬಂತು ಅವ್ವಾ... ಅದು ಬಂತು!"

ಅವ್ವ ಚಾ ಕುಡಿಸದೆ ಬಿಡಲಿಲ್ಲ. ಜಗಲಿಯಲ್ಲಿ ಕೂತು ಚಾ ಕುಡಿಯುತ್ತಾ ಧನ್ಯಶ್ರೀ ಮೆಲ್ಲನೆ ಕೇಳಿದಳು. "ಬೊಮ್ಮಿನ ನಾ ರೂಮಿಗೆ ಕರ್ಕಂಡು ಹೋಗ್ಲಾ?"

"ನಿನ್ನ ಮೇಜು ಎರಡೇ ಅಡಿ. ಅದ್ಕೆ ಸಾಲೂದಿಲ್ಲ."

"ಮತ್ತೆ ಎಂತ ಮಾಡೂದು?"

ನಿತೇಶ ಚಾ ಲೋಟ ಕೆಳಗಿಟ್ಟ. "ಅದು ಅಲ್ಲಿಗೆ ಬರೂಕಾಗೂದಿಲ್ಲ. ನೀನೇ ಇಲ್ಲಿಗೆ ಬಾ, ಧನ್ಯಾ. ನೋಡಿ ಹೋಗೂಕಲ್ಲ. ಇರೂಕೆ... ನನ್ನ ಮದುವೆ ಆಗ್ತ್ಯಾ?"

ಅವಳೂ ಲೋಟ ಕೆಳಗಿಟ್ಟಳು. ಫೋನ್ ತೆಗೆದು ಅವನ ಎದುರೇ ಹಚ್ಚಿದಳು. "ಅಮ್ಮಾ... ಭಟ್ಕಳದವ್ರಿಗೆ ಉಹೂಂ ಅಂತ ಹೇಳು. ಯಾಕಾ? ಮಿರ್ಜಾನದಲ್ಲಿ ನಮ್ಮ ಮೀನು ಬದುಕಿದೆ. ಬಂದು ಎಲ್ಲಾ ಹೇಳ್ತೆ."

ಕತ್ತಲಾಗುವ ಮೊದಲು ಕುಮಟಾ ಬಸ್ಸು ಬಂತು. ಬೈಕಿನಲ್ಲಿ ಬಿಡುತ್ತೇನೆ ಅಂದರೂ ಕೇಳಲಿಲ್ಲ ಅವಳು. ಆವತ್ತಿನ ಹಾಗೆಯೇ ಹೊರಟು, ಆವತ್ತಿನ ಹಾಗೆಯೇ ಹೇಳಬೇಕಿತ್ತು ಅವಳಿಗೆ.

ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು. "ಬತ್ತೆ."

"ಇದು ಹೋಗೂ ಬತ್ತೆಯಾ... ಬರೂ ಬತ್ತೆಯಾ?" ನಿತೇಶ ಬಸ್ಸಿನ ಬಾಗಿಲ ಕಂಬಿ ಹಿಡಿದು ಕೇಳಿದ.

ಧನ್ಯಶ್ರೀಯ ಕಣ್ಣು ತುಂಬಿತ್ತು, ತುಟಿಯ ಮೇಲೆ ನಗು.

"ಬರೂ ಬತ್ತೆ, ಮಾರಾಯಾ!"